ಮುಂದಿನ ವರ್ಷ ನಮ್ಮ ಶಾಲೆ ಇರುತ್ತಾ?

(ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ಕನ್ನಡ ಪೋಷಕರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ನಿಮ್ಮ ಮಗಳಿಗೆ ಕಳೆದ ವಾರದ ಗಣಿತದ ಕ್ವಿಜ್‌ನಲ್ಲಿ ಎಷ್ಟು ಬಂತು ಅಂತ ಕೇಳಿದರೆ, ಈ ಹಾಲ್‌ನಲ್ಲಿರುವ ಅರ್ಧ ಜನ ಈಗಲೇ ಫೋನ್ ತೆಗೆದು ಹೇಳುತ್ತೀರಿ. ಮಗ ಮೂರನೇ ಪೀರಿಯಡ್‌ಗೆ ತಡವಾಗಿ ಹೋದರೂ ಮೆಸೇಜ್ ಬರುತ್ತದೆ. ಸರಿ, ಈಗ ಇನ್ನೊಂದು ಪ್ರಶ್ನೆ. ನಿಮ್ಮ ಸ್ಕೂಲ್ ಡಿಸ್ಟ್ರಿಕ್ಟ್ ಮುಂದಿನ ವರ್ಷ ಎಷ್ಟು ಟೀಚರುಗಳನ್ನು ಕಡಿಮೆ ಮಾಡುವ ಯೋಚನೆಯಲ್ಲಿದೆ? ನಿಮ್ಮ ಬೀದಿ ಈಗಿರುವ ಶಾಲೆಯ ವ್ಯಾಪ್ತಿಯಲ್ಲೇ ಉಳಿಯುತ್ತಾ? ಶಾಲೆಯೇ ಇರುತ್ತಾ?

ಒಂದೆರಡು ಕೈ ಮೇಲೆ ಬಂದವು. ನೋಡಿ, ಅವರೂ ಪಿಟಿಎ, ಅಂದರೆ ಪೋಷಕ-ಶಿಕ್ಷಕರ ಸಂಘದ ಕಡೆಯವರೇ.

ಇದರಲ್ಲಿ ನಿಮ್ಮದೊಬ್ಬರದೇ ತಪ್ಪಿಲ್ಲ. ಇಲ್ಲಿ ಶಾಲೆಯ ಸುದ್ದಿಯಲ್ಲಿ ಎರಡು ಜಾತಿ. ಮಗುವಿನ ಸುದ್ದಿ ನಿಮ್ಮನ್ನು ಹುಡುಕಿಕೊಂಡು ಬರುತ್ತದೆ. ಪೇರೆಂಟ್‌ಸ್ಕ್ವೇರ್, ಏರೀಸ್, ಪವರ್‌ಸ್ಕೂಲ್, ಒಂದಲ್ಲ ಒಂದು ಆ್ಯಪ್ ದಿನಾ ಟಿಂಗ್ ಅನ್ನುತ್ತಲೇ ಇರುತ್ತದೆ. ಡಿಸ್ಟ್ರಿಕ್ಟಿನ ತೀರ್ಮಾನಗಳ ಸುದ್ದಿ ಹಾಗಲ್ಲ. ಅದನ್ನು ಒಂದು ಕಡೆ ಅಂಟಿಸಿರುತ್ತಾರೆ, ನೀವೇ ಹೋಗಿ ಓದಬೇಕು. ಎಲ್ಲ ಮುಗಿದ ಮೇಲೆ ಮಾತ್ರ ‘ಪ್ರಿಯ ಪೋಷಕರೇ’ ಅಂತ ಇಮೇಲ್ ಬರುತ್ತದೆ. ತೀರ್ಮಾನ ಆದಮೇಲೆ ಬರುವ ಇಮೇಲನ್ನು ನಾನು ‘ತಿಳಿಸುವುದು’ ಅನ್ನುವುದಿಲ್ಲ. ಇವತ್ತು ಮಾತಾಡಬೇಕು ಅಂತ ಬಂದಿರುವುದು ಆ ಇಮೇಲಿಗಿಂತ ಮುಂಚೆ ಏನಾಗುತ್ತದೆ ಅನ್ನುವುದರ ಬಗ್ಗೆ.

ಮೊದಲು ನಮ್ಮ ತಲೆಯಲ್ಲಿರುವ ಹಳೇ ಚಿತ್ರವನ್ನು ಸ್ವಲ್ಪ ಬದಿಗಿಡಬೇಕು. ನಾವು ಓದಿದ್ದು ತಾಲ್ಲೂಕಿಗೊಬ್ಬ ಬಿಇಒ, ಜಿಲ್ಲೆಗೊಬ್ಬ ಡಿಡಿಪಿಐ, ಎಲ್ಲಕ್ಕೂ ಮೇಲೆ ಬೆಂಗಳೂರು ಅನ್ನುವ ವ್ಯವಸ್ಥೆಯಲ್ಲಿ. ಪಠ್ಯಪುಸ್ತಕ, ದಸರಾ ರಜೆ, ಮೇಷ್ಟ್ರ ವರ್ಗಾವಣೆ ಎಲ್ಲ ಮೇಲಿನಿಂದ ಬರುತ್ತಿತ್ತು. ಸರ್ಕಾರಿ ಶಾಲೆಗಳಿಗೆ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಸಮಿತಿ, ಬಂದದ್ದು 2001ರಲ್ಲಿ. ಆಮೇಲೆ 2009ರ ಶಿಕ್ಷಣ ಹಕ್ಕು ಕಾಯ್ದೆ, ಇಂಥ ಸಮಿತಿಗಳಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಹೆಂಗಸರಿರಬೇಕು ಅಂತ ಹೇಳಿತು. ಆದರೆ ಇಲ್ಲಿ ಕೂತಿರುವ ಬಹಳ ಜನ ಅಷ್ಟರಲ್ಲಿ ಶಾಲೆ ಮುಗಿಸಿ ಆಗಿತ್ತು. ನಮಗೆ ಶಾಲೆಯ ಸುದ್ದಿ ಅಂದರೆ ಡೈರಿಯಲ್ಲಿ ಕೆಂಪು ಶಾಯಿಯಲ್ಲಿ ಬರೆದು ಕಳಿಸಿದ್ದು. ಅಪ್ಪ ಸಹಿ ಹಾಕಿದರೆ ಮುಗಿಯಿತು. ಆ ಅಭ್ಯಾಸವನ್ನು ನಾವು ಇಲ್ಲಿಗೂ ಹೊತ್ತುಕೊಂಡು ಬಂದಿದ್ದೇವೆ. ಶಾಲೆ ಹೇಳುತ್ತದೆ, ನಾವು ಸಹಿ ಹಾಕುತ್ತೇವೆ.

ಇಲ್ಲಿ ಸ್ಕೂಲ್ ಡಿಸ್ಟ್ರಿಕ್ಟ್ ಅಂದರೆ ಒಂದು ಪುಟ್ಟ ಸರ್ಕಾರ. ಅಮೆರಿಕದಲ್ಲಿ ಇಂಥವು ಸುಮಾರು 13,000 ಇವೆ, ಕ್ಯಾಲಿಫೋರ್ನಿಯಾ ಒಂದರಲ್ಲೇ 900ಕ್ಕೂ ಹೆಚ್ಚು. ಬಹುಪಾಲು ಎಲ್ಲಕ್ಕೂ ತನ್ನದೇ ಬಜೆಟ್, ತನ್ನದೇ ಗಡಿ, ಜನ ವೋಟ್ ಹಾಕಿ ಆರಿಸಿದ ಟ್ರಸ್ಟಿಗಳ ಬೋರ್ಡು. ಬಹಳ ಕಡೆ ಐದು ಜನ, ನಾಲ್ಕು ವರ್ಷದ ಅವಧಿ. ಸೂಪರಿಂಟೆಂಡೆಂಟ್ ಅವರು ನೇಮಿಸಿಕೊಂಡ ಅಧಿಕಾರಿ. ಶಾಲೆ ಮುಚ್ಚಬೇಕೇ, ಸಂಗೀತದ ಕ್ಲಾಸ್ ಉಳಿಸಬೇಕೇ, ಬಸ್ ಓಡಿಸಬೇಕೇ ಅನ್ನುವುದನ್ನು ತೀರ್ಮಾನಿಸುವುದು ಆ ಐದು ಜನರ ವೋಟು. ಅಂದರೆ ಮೂರು ಜನ ಒಪ್ಪಿದರೆ ಆಯಿತು. ಪ್ರಿನ್ಸಿಪಾಲರ ಹತ್ತಿರ ಎಷ್ಟು ಜಗಳ ಆಡಿದರೂ ಈ ವಿಷಯಗಳಲ್ಲಿ ಪ್ರಯೋಜನ ಇಲ್ಲ, ಪಾಪ ಅವರ ಕೈಯಲ್ಲೂ ಏನೂ ಇರುವುದಿಲ್ಲ.

ಮತ್ತೊಂದು ತಮಾಷೆ ಹೇಳುತ್ತೇನೆ. ಡಿಸ್ಟ್ರಿಕ್ಟಿನ ಗಡಿಗೂ ಊರಿನ ಗಡಿಗೂ ಸಂಬಂಧವೇ ಇರಬೇಕಾಗಿಲ್ಲ. ಸ್ಯಾನ್ ಹೋಸೆ ವಿಳಾಸ ಇರುವ ಎಷ್ಟೋ ಮನೆಗಳು ಕುಪರ್ಟಿನೊ ಯೂನಿಯನ್ ಡಿಸ್ಟ್ರಿಕ್ಟ್‌ಗೆ ಸೇರುತ್ತವೆ. ಕುಪರ್ಟಿನೊ ಯೂನಿಯನ್ ಎಂಟನೇ ತರಗತಿಗೆ ಮುಗಿಯುತ್ತದೆ, ಹೈಸ್ಕೂಲು ಬೇರೆ ಡಿಸ್ಟ್ರಿಕ್ಟು. ಅದರ ಹೆಸರು ಫ್ರೀಮಾಂಟ್ ಯೂನಿಯನ್ ಹೈಸ್ಕೂಲ್ ಡಿಸ್ಟ್ರಿಕ್ಟ್. ಅದಕ್ಕೂ ಫ್ರೀಮಾಂಟ್ ಊರಿಗೂ ಏನೇನೂ ಸಂಬಂಧ ಇಲ್ಲ! ಫ್ರೀಮಾಂಟ್ ಊರಿನದು ಫ್ರೀಮಾಂಟ್ ಯೂನಿಫೈಡ್, ಅದು ಕೊಲ್ಲಿಯ ಆಚೆ ದಡದಲ್ಲಿದೆ. ನಮ್ಮ ವಾಟ್ಸಾಪ್ ಗ್ರೂಪುಗಳಲ್ಲಿ ‘ಫ್ರೀಮಾಂಟ್‌ನಲ್ಲಿ ಹೀಗಾಯ್ತಂತೆ’ ಅಂತ ಬಂದಾಗ ಯಾವ ಫ್ರೀಮಾಂಟ್ ಅಂತ ಯಾರೂ ಕೇಳುವುದಿಲ್ಲ, ಎರಡೂ ಕಡೆಯವರು ಗಾಬರಿಯಾಗುತ್ತಾರೆ. ಹಾಗಾಗಿ ಮೊದಲ ಕೆಲಸ, ನಿಮ್ಮ ಮನೆ ಯಾವ ಡಿಸ್ಟ್ರಿಕ್ಟು, ಆ ಡಿಸ್ಟ್ರಿಕ್ಟಿನೊಳಗೆ ಯಾವ ಟ್ರಸ್ಟಿಯ ಏರಿಯಾ ಅಂತ ತಿಳಿದುಕೊಳ್ಳಿ. ಎರಡು ಡಿಸ್ಟ್ರಿಕ್ಟಿಗೆ ಸೇರಿದ್ದರೆ ಎರಡನ್ನೂ ಬರೆದಿಟ್ಟುಕೊಳ್ಳಿ.

ಇನ್ನು ಮುಖ್ಯವಾದ ವಿಷಯಕ್ಕೆ ಬರುತ್ತೇನೆ. ಕ್ಯಾಲಿಫೋರ್ನಿಯಾದಲ್ಲಿ 1953ರಿಂದ ಬ್ರೌನ್ ಆ್ಯಕ್ಟ್ ಅಂತ ಒಂದು ಕಾನೂನಿದೆ. ರಾಲ್ಫ್ ಬ್ರೌನ್ ಅನ್ನುವ ಶಾಸಕರ ಹೆಸರು. ಊರಿನ ಕೌನ್ಸಿಲ್ ಇರಲಿ, ಶಾಲೆಯ ಬೋರ್ಡ್ ಇರಲಿ, ಚರ್ಚೆ ಮತ್ತು ತೀರ್ಮಾನ ಜನರ ಎದುರೇ ನಡೆಯಬೇಕು ಅನ್ನುತ್ತದೆ ಆ ಕಾನೂನು. ಮಾಮೂಲಿ ಸಭೆಗೆ 72 ಗಂಟೆ ಮುಂಚೆ ಅಜೆಂಡಾ ಹೊರಗೆ ಹಾಕಬೇಕು. ವಿಶೇಷ ಸಭೆಗಾದರೆ 24 ಗಂಟೆ. ಅಜೆಂಡಾದಲ್ಲಿ ಇಲ್ಲದ ವಿಷಯದ ಮೇಲೆ ಕೆಲವು ತುರ್ತು ಸಂದರ್ಭ ಬಿಟ್ಟು ತೀರ್ಮಾನ ಮಾಡುವಂತಿಲ್ಲ.

ಈ 72 ಗಂಟೆಯಲ್ಲೇ ಇದೆ ನಮ್ಮ ಕಷ್ಟವೂ, ನಮ್ಮ ಅವಕಾಶವೂ. ಮಂಗಳವಾರ ಸಂಜೆ ಸಭೆ ಅಂದುಕೊಳ್ಳಿ. ಅಜೆಂಡಾ ಶನಿವಾರ ಸಂಜೆಯೊಳಗೆ ಬಂದರೆ ಸಾಕು, ಆದ್ದರಿಂದ ಶುಕ್ರವಾರ ಆಫೀಸು ಮುಚ್ಚುವ ಹೊತ್ತಿಗೆ ಹಾಕಿ ಮನೆಗೆ ಹೋಗುತ್ತಾರೆ. ನೀವು ಆಗ ಕೋಸ್ಟ್‌ಕೊದಲ್ಲಿ ಇರುತ್ತೀರಿ. ಕಾನೂನು ಪಾಲಿಸಿದ ಹಾಗೂ ಆಯಿತು, ಯಾರಿಗೂ ಗೊತ್ತಾಗದ ಹಾಗೂ ಆಯಿತು. ಬೇಕೂಂತಲೇ ಹಾಗೆ ಮಾಡುತ್ತಾರೆ ಅಂತ ನಾನು ಹೇಳುತ್ತಿಲ್ಲ. ಆದರೆ ಕಾನೂನು ಕೇಳುವಷ್ಟನ್ನು ಮಾತ್ರ ಮಾಡುವವರೇ ಜಾಸ್ತಿ.

ಅಜೆಂಡಾ ಓದುವುದಕ್ಕೂ ಒಂದು ರೂಢಿ ಬೇಕು. ನೂರಾರು ಪುಟ ನೋಡಿ ಹೆದರಬೇಡಿ. ಮೊದಲು ಪ್ರತಿ ವಿಷಯದ ಪಕ್ಕ ಏನು ಬರೆದಿದೆ ನೋಡಿ. ‘ಮಾಹಿತಿಗಾಗಿ’ ಅಥವಾ ‘ಚರ್ಚೆಗಾಗಿ’ ಅಂತಿದ್ದರೆ ಅವತ್ತು ವೋಟು ಇಲ್ಲ. ‘ಆ್ಯಕ್ಷನ್’ ಅಂತಿದ್ದರೆ ಅವತ್ತೇ ವೋಟು. ದೊಡ್ಡ ವಿಷಯಗಳು ಸಾಮಾನ್ಯವಾಗಿ ಒಂದು ಸಭೆಯಲ್ಲಿ ಮಾಹಿತಿಯಾಗಿ ಬಂದು, ಮುಂದಿನದರಲ್ಲೋ ಅದರ ಮುಂದಿನದರಲ್ಲೋ ಆ್ಯಕ್ಷನ್‌ಗೆ ಬರುತ್ತವೆ. ನಾವು ಮಾತಾಡಬೇಕಾದ್ದು ಮೊದಲನೇ ಸಲ ಬಂದಾಗ. ನಾವು ಹೋಗುವುದು ಎರಡನೇ ಸಲಕ್ಕೆ, ಬ್ಯಾನರ್ ಹಿಡಿದುಕೊಂಡು. ಅಷ್ಟು ಹೊತ್ತಿಗೆ ಟ್ರಸ್ಟಿಗಳು ಮನಸ್ಸು ಗಟ್ಟಿ ಮಾಡಿಕೊಂಡು ಆಗಿರುತ್ತದೆ.

ಇನ್ನೊಂದು, ಕನ್ಸೆಂಟ್ ಕ್ಯಾಲೆಂಡರ್. ಅದರಲ್ಲಿ ಇಪ್ಪತ್ತೋ ಮೂವತ್ತೋ ವಿಷಯಗಳನ್ನು ಒಟ್ಟಿಗೆ ಕಟ್ಟಿ ಒಂದೇ ವೋಟಿನಲ್ಲಿ ಮುಗಿಸುತ್ತಾರೆ. ಬಹುಪಾಲು ಬಿಲ್ಲು, ಫೀಲ್ಡ್ ಟ್ರಿಪ್ಪು, ನೇಮಕಾತಿ, ನಿಜಕ್ಕೂ ಸುಮ್ನೆ ನಡೆಯಬೇಕಾದ ಕೆಲಸಗಳು. ಆದರೆ ಕನ್ಸಲ್ಟೆಂಟ್ ಜೊತೆಗಿನ ಒಪ್ಪಂದಗಳೂ ಅಲ್ಲೇ ಇರುತ್ತವೆ. ಮಕ್ಕಳ ಸಂಖ್ಯೆಯನ್ನು ಲೆಕ್ಕ ಹಾಕುವ ಕಂಪನಿಗೆ ಕೆಲಸ ಕೊಟ್ಟಿದ್ದಾರೆ ಅಂತ ಅಲ್ಲಿ ಕಂಡರೆ ಸ್ವಲ್ಪ ಕಿವಿ ನಿಮಿರಿಸಿ. ಶಾಲೆ ಮುಚ್ಚುವ, ಗಡಿ ಬದಲಿಸುವ ಮಾತು ಶುರುವಾಗುವುದು ಎಷ್ಟೋ ಸಲ ಅಂಥ ಲೆಕ್ಕದಿಂದಲೇ.

ಕುಪರ್ಟಿನೊದ ಕಥೆ ಇಲ್ಲಿ ಹಲವರಿಗೆ ಗೊತ್ತು. ಆ ಕಡೆ ಮಕ್ಕಳ ಸಂಖ್ಯೆ ವರ್ಷ ವರ್ಷ ಇಳಿಯುತ್ತಾ ಬಂತು. ಮನೆ ಬೆಲೆ ಆಕಾಶಕ್ಕೆ ಹೋಯಿತು, ಚಿಕ್ಕ ಮಕ್ಕಳಿರುವ ಕುಟುಂಬಗಳು ಬರುವುದು ಕಡಿಮೆಯಾಯಿತು, ಆಮೇಲೆ ಕೋವಿಡ್. 2021ರ ಅಕ್ಟೋಬರ್‌ನಲ್ಲಿ ಬೋರ್ಡ್ ವೋಟ್ ಹಾಕಿತು. ರೆಗ್ನಾರ್ಟ್ ಮತ್ತು ಮೈಯರ್‌ಹೋಲ್ಟ್ಸ್ ಎಲಿಮೆಂಟರಿ ಶಾಲೆಗಳು 2022ರ ಬೇಸಿಗೆಗೆ ಮುಚ್ಚಿದವು. ಒಳ್ಳೆಯ ಶಾಲೆ ಅಂತಲೇ ಸಾಲ ಮಾಡಿ ಮನೆ ಕೊಂಡವರಿಗೆ ಅದು ಎಂಥ ಪೆಟ್ಟು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಆದರೆ ಮಕ್ಕಳ ಸಂಖ್ಯೆ ಇಳಿಯುತ್ತಿರುವ ಅಂಕಿಗಳು ಅದಕ್ಕೆ ಎಷ್ಟೋ ಮುಂಚೆಯಿಂದ ಎಲ್ಲರಿಗೂ ಕಾಣುವ ಹಾಗೇ ಇದ್ದವು. ಒಳ್ಳೆಯ ಡಿಸ್ಟ್ರಿಕ್ಟಿನ ಶಾಲೆ ಮುಚ್ಚುವುದಿಲ್ಲ ಅನ್ನುವ ನಂಬಿಕೆ ನಮ್ಮದು. ಅದೇ ಆ ಅಂಕಿಗಳನ್ನು ನೋಡದ ಹಾಗೆ ಮಾಡಿತು.

ಇದಕ್ಕೆ ಎದುರಾದ ಉದಾಹರಣೆ ಸ್ಯಾನ್ ಫ್ರಾನ್ಸಿಸ್ಕೊ. 2024ರ ಅಕ್ಟೋಬರ್‌ನಲ್ಲಿ ಹತ್ತಕ್ಕೂ ಹೆಚ್ಚು ಶಾಲೆಗಳನ್ನು ಮುಚ್ಚುವ ಅಥವಾ ಬೇರೆ ಶಾಲೆಗೆ ಸೇರಿಸುವ ಪಟ್ಟಿ ಹೊರಗೆ ಬಂತು. ಊರೆಲ್ಲ ಎದ್ದು ನಿಂತಿತು. ಅದೇ ತಿಂಗಳು ಸೂಪರಿಂಟೆಂಡೆಂಟ್ ರಾಜೀನಾಮೆ ಕೊಟ್ಟರು, ಯೋಜನೆ ಅಲ್ಲಿಗೇ ನಿಂತಿತು. ಪೋಷಕರು ಗೆದ್ದರು ಅಂತ ಕೆಲವರು ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಖಾಲಿ ಕ್ಲಾಸ್‌ರೂಮುಗಳೂ ಬಜೆಟ್ಟಿನ ಕೊರತೆಯೂ ಹಾಗೇ ಉಳಿದವು. ಆದರೆ ಒಂದು ಮಾತು ಖಂಡಿತ. ಜನರನ್ನು ಮೊದಲಿನಿಂದ ಜೊತೆಯಲ್ಲಿ ಕರೆದುಕೊಂಡು ಹೋಗದಿದ್ದರೆ ಡಿಸ್ಟ್ರಿಕ್ಟಿಗೇ ನಷ್ಟ.

ವರ್ಷದ ಲೆಕ್ಕ ಒಂದನ್ನು ತಲೆಯಲ್ಲಿಟ್ಟುಕೊಂಡರೆ ಅರ್ಧ ಕೆಲಸ ಆದಂತೆ. ಡಿಸ್ಟ್ರಿಕ್ಟಿನ ಹಣದ ವರ್ಷ ಜುಲೈ 1ಕ್ಕೆ ಶುರು. ಡಿಸೆಂಬರ್ 15ರೊಳಗೆ ‘ಫಸ್ಟ್ ಇಂಟೆರಿಮ್’ ಅಂತ ಹಣಕಾಸಿನ ವರದಿ ಬೋರ್ಡಿಗೆ ಬರುತ್ತದೆ. ಅದರಲ್ಲಿ ಪಾಸಿಟಿವ್, ಕ್ವಾಲಿಫೈಡ್, ನೆಗೆಟಿವ್ ಅಂತ ಮೂರರಲ್ಲಿ ಒಂದು ಪದ ಇರುತ್ತದೆ. ಪಾಸಿಟಿವ್ ಅಲ್ಲದಿದ್ದರೆ ಮುಂದಿನ ವರ್ಷಗಳಲ್ಲಿ ಕತ್ತರಿ ಬೀಳಬಹುದು ಅಂತ ಅರ್ಥ. ಜನವರಿ 10ರೊಳಗೆ ಗವರ್ನರ್ ರಾಜ್ಯದ ಬಜೆಟ್ ಮುಂದಿಡುತ್ತಾರೆ. ಕೆಲಸ ಹೋಗಬಹುದಾದ ಟೀಚರುಗಳಿಗೆ ಮಾರ್ಚ್ 15ರೊಳಗೆ ನೋಟಿಸ್ ಕೊಡಬೇಕು. ಅಂದರೆ ಅದಕ್ಕೆ ಬೋರ್ಡಿನ ವೋಟು ಫೆಬ್ರವರಿಯಲ್ಲೋ ಮಾರ್ಚ್ ಮೊದಲ ವಾರದಲ್ಲೋ ಆಗಿಹೋಗಿರುತ್ತದೆ. ‘ಮಿಸ್ ಅವರನ್ನು ಯಾಕೆ ತೆಗೆದರು’ ಅಂತ ನಾವು ಕೇಳುವುದು ಮೇ ತಿಂಗಳಲ್ಲಿ, ಮಗು ಮನೆಗೆ ಬಂದು ಅತ್ತಾಗ.

ಜೂನ್‌ನಲ್ಲಿ ಎಲ್‌ಕ್ಯಾಪ್. 2013ರಲ್ಲಿ ಗವರ್ನರ್ ಜೆರ್ರಿ ಬ್ರೌನ್ ಕಾಲದಲ್ಲಿ ಶಾಲೆಗಳ ಹಣದ ವ್ಯವಸ್ಥೆ ಬದಲಾದಾಗ ಬಂದದ್ದು ಇದು. ಈ ಬ್ರೌನ್ ಬೇರೆ, ಆ ಬ್ರೌನ್ ಬೇರೆ! ಡಿಸ್ಟ್ರಿಕ್ಟ್ ಮೂರು ವರ್ಷಕ್ಕೆ ಏನು ಮಾಡುತ್ತದೆ, ಎಷ್ಟು ಹಣ ಎಲ್ಲಿಗೆ ಅಂತ ಬರೆದಿಡುವ ಯೋಜನೆ ಇದು. ಪ್ರತಿ ವರ್ಷ ತಿದ್ದಬೇಕು. ಒಂದು ಸಭೆಯಲ್ಲಿ ಜನರ ಅಭಿಪ್ರಾಯ ಕೇಳಿ, ಬೇರೆ ಸಭೆಯಲ್ಲಿ ಒಪ್ಪಿಗೆ ಕೊಡಬೇಕು. ಪೋಷಕರನ್ನು ಒಳಗೊಳ್ಳುವುದು ರಾಜ್ಯದ ಎಂಟು ಆದ್ಯತೆಗಳಲ್ಲಿ ಒಂದು. ಎಷ್ಟೋ ಡಿಸ್ಟ್ರಿಕ್ಟುಗಳಲ್ಲಿ ಇದು ನೂರು ಪುಟ ದಾಟುತ್ತದೆ, ನಿದ್ದೆ ಬಾರದವರಿಗೆ ಒಳ್ಳೆಯದು. ಆದರೆ ಅದರ ಜೊತೆಗೇ ‘ಪೋಷಕರಿಗಾಗಿ ಬಜೆಟ್ ನೋಟ’ ಅಂತ ಕೆಲವೇ ಪುಟಗಳ ಭಾಗ ಇರಲೇಬೇಕು, ಗ್ರಾಫ್ ಹಾಕಿ ತೋರಿಸಿರುತ್ತಾರೆ. ಅಷ್ಟು ಓದಿ ಸಾಕು. ಇದಕ್ಕೂ ಮೊದಲು ಚಳಿಗಾಲದಲ್ಲಿ ಒಂದು ಸರ್ವೆ ಕಳಿಸಿರುತ್ತಾರೆ. ನಾವು ಅದನ್ನು ಡಿಲೀಟ್ ಮಾಡಿರುತ್ತೇವೆ. ಅವರು ‘ಪೋಷಕರ ಅಭಿಪ್ರಾಯ ಪಡೆದಿದ್ದೇವೆ’ ಅಂತ ಬರೆದುಕೊಂಡಿರುತ್ತಾರೆ.

ಸಭೆಯಲ್ಲಿ ಮಾತಾಡುವುದರ ಬಗ್ಗೆ ಎರಡು ಮಾತು. ಸಾಮಾನ್ಯವಾಗಿ ಒಬ್ಬರಿಗೆ ಮೂರು ನಿಮಿಷ, ಜನ ಜಾಸ್ತಿಯಾದರೆ ಇನ್ನೂ ಕಡಿಮೆ. ಅಜೆಂಡಾದಲ್ಲಿ ಇಲ್ಲದ ವಿಷಯ ಎತ್ತಿದರೆ ಟ್ರಸ್ಟಿಗಳು ಮುಖ ನೋಡಿಕೊಂಡು ಸುಮ್ಮನೆ ಕೂರುತ್ತಾರೆ. ನಮ್ಮವರಿಗೆ ಇದು ದೊಡ್ಡ ಅವಮಾನ ಅನ್ನಿಸುತ್ತದೆ, ‘ಅಷ್ಟು ಹೇಳಿದರೂ ತುಟಿ ಬಿಚ್ಚಲಿಲ್ಲ’ ಅಂತ. ಅಜೆಂಡಾದಲ್ಲಿ ಇಲ್ಲದ ವಿಷಯವನ್ನು ಚರ್ಚಿಸಲು ಅವರಿಗೆ ಕಾನೂನೇ ಬಿಡುವುದಿಲ್ಲ. ಉತ್ತರ ಬೇಕಿದ್ದರೆ ಇಮೇಲ್ ಬರೆಯಿರಿ, ಅಥವಾ ವಿಷಯವನ್ನು ಮುಂದಿನ ಅಜೆಂಡಾಕ್ಕೆ ಹಾಕಿ ಅಂತ ಆ ಮೂರು ನಿಮಿಷದಲ್ಲೇ ಕೇಳಿ.

‘ನಾವು ಎಚ್-1ಬಿ, ನಮಗೆ ಇದೆಲ್ಲ ಯಾಕೆ’ ಅನ್ನುವವರು ಬಹಳ ಜನ. ಬೋರ್ಡ್ ಮೀಟಿಂಗ್‌ನಲ್ಲಿ ಮಾತಾಡಲು ವೀಸಾ ಯಾವುದು ಅಂತ ಯಾರೂ ಕೇಳುವಂತಿಲ್ಲ. ಒಳಗೆ ಬರಲು ಹೆಸರು ಬರೆಯಲೇಬೇಕು ಅನ್ನುವಂತೆಯೂ ಇಲ್ಲ. ಪ್ರತಿ ಶಾಲೆಯ ಮಟ್ಟದ ಸಮಿತಿಯಾದ ಸ್ಕೂಲ್ ಸೈಟ್ ಕೌನ್ಸಿಲ್‌ಗೆ ನೀವು ನಿಲ್ಲಬಹುದು, ಅಲ್ಲಿ ನಿಮ್ಮ ಶಾಲೆಯ ಯೋಜನೆಯ ಮೇಲೆ ನಿಮಗೆ ವೋಟೂ ಇರುತ್ತದೆ. ಬೋರ್ಡಿನ ಚುನಾವಣೆ ಮಾತ್ರ ಬೇರೆ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 2016ರಲ್ಲಿ ಮತದಾರರು ಒಪ್ಪಿದ ನಿಯಮದಂತೆ ನಾಗರಿಕರಲ್ಲದ ಪೋಷಕರೂ ಶಾಲಾ ಬೋರ್ಡಿಗೆ ವೋಟ್ ಹಾಕಬಹುದು. 2022ರಲ್ಲಿ ಒಬ್ಬ ಜಡ್ಜ್ ಅದನ್ನು ರದ್ದು ಮಾಡಿದರು, 2023ರಲ್ಲಿ ಮೇಲ್ಮನವಿ ಕೋರ್ಟ್ ಮತ್ತೆ ಎತ್ತಿಹಿಡಿಯಿತು. ಇದನ್ನು ಕೇಳಿಕೊಂಡು ಬೇರೆ ಊರಲ್ಲಿ ಹೋಗಿ ವೋಟರ್ ಫಾರ್ಮ್ ತುಂಬಿಬಿಟ್ಟೀರಿ! ವೀಸಾಕ್ಕೇ ಕುತ್ತು ಬರುತ್ತದೆ. ಸ್ಯಾನ್ ಫ್ರಾನ್ಸಿಸ್ಕೊದಲ್ಲೇ ಇದ್ದರೂ ಮೊದಲು ವಕೀಲರನ್ನು ಕೇಳಿ.

ಭಾಷೆಯ ವಿಷಯ. ಒಂದು ಶಾಲೆಯಲ್ಲಿ ಶೇಕಡ 15 ಅಥವಾ ಅದಕ್ಕಿಂತ ಹೆಚ್ಚು ಮಕ್ಕಳ ಮನೆಮಾತು ಇಂಗ್ಲಿಷ್ ಅಲ್ಲದ ಒಂದೇ ಭಾಷೆ ಆಗಿದ್ದರೆ, ಪೋಷಕರಿಗೆ ಹೋಗುವ ನೋಟಿಸುಗಳು ಆ ಭಾಷೆಯಲ್ಲೂ ಇರಬೇಕು ಅನ್ನುತ್ತದೆ ರಾಜ್ಯದ ಕಾನೂನು. ಕನ್ನಡ ಆ ಮಟ್ಟ ಮುಟ್ಟುವುದು ಕಷ್ಟ. ಆದರೆ ಭೇದಭಾವ ತಡೆಯುವ ಕೇಂದ್ರದ ಕಾನೂನಾದ 1964ರ ಸಿವಿಲ್ ರೈಟ್ಸ್ ಆ್ಯಕ್ಟ್‌ನಲ್ಲಿ ಇಂಥ ಯಾವ ಶೇಕಡಾವಾರೂ ಇಲ್ಲ. ಸ್ಪೆಷಲ್ ಎಜುಕೇಶನ್‌ನ ಐಇಪಿ ಮೀಟಿಂಗ್, ಅಂದರೆ ಆ ಮಗುವಿಗೇ ಅಂತ ಮಾಡುವ ಕಲಿಕೆಯ ಯೋಜನೆಯ ಮೀಟಿಂಗ್ ಆದರೆ, ಅಲ್ಲಿ ನಡೆಯುವುದು ಪೋಷಕರಿಗೆ ಅರ್ಥವಾಗುವ ಹಾಗೆ ಡಿಸ್ಟ್ರಿಕ್ಟ್ ನೋಡಿಕೊಳ್ಳಬೇಕು, ಬೇಕಿದ್ದರೆ ಕನ್ನಡದ ದುಭಾಷಿಯನ್ನೂ ಕರೆಸಬೇಕು. ಊರಿಂದ ಹೊಸದಾಗಿ ಬಂದ ತಾಯಿ ತಲೆಯಾಡಿಸುತ್ತಾ ಕೂತು ಸಹಿ ಹಾಕಿ ಬರುವುದನ್ನು ನಾನು ನೋಡಿದ್ದೇನೆ. ಅವರಿಗೆ ಹೇಳಿ, ಕೇಳುವ ಹಕ್ಕಿದೆ ಅಂತ. ಮುಂಚಿತವಾಗಿ ಬರವಣಿಗೆಯಲ್ಲಿ ಕೇಳಿದರೆ ಒಳ್ಳೆಯದು.

ಇದೇ ಸಮಯದಲ್ಲಿ ನಮ್ಮವರ ಒಂದು ಅಭ್ಯಾಸದ ಬಗ್ಗೆ ಬೈಯಲೇಬೇಕು. ಶಾಲೆಗೆ ಸೇರಿಸುವಾಗ ಮನೆಮಾತಿನ ಫಾರ್ಮ್ ಕೊಡುತ್ತಾರೆ. ಅಜ್ಜಿಯ ಜೊತೆ ದಿನವಿಡೀ ಕನ್ನಡ ಮಾತಾಡುವ ಮಗುವಿಗೂ ‘ಇಂಗ್ಲಿಷ್’ ಅಂತ ಬರೆಯುತ್ತೇವೆ. ಕನ್ನಡ ಅಂದರೆ ಇಎಲ್‌ಪ್ಯಾಕ್ ಅನ್ನುವ ಇಂಗ್ಲಿಷ್ ಪರೀಕ್ಷೆ ಕೊಡುತ್ತಾರೆ, ಮಗುವನ್ನು ಹಿಂದೆ ಹಾಕುತ್ತಾರೆ ಅನ್ನುವ ಭಯ. ಆ ಭಯಕ್ಕೆ ಕಾರಣವೇ ಇಲ್ಲ ಅಂತ ನಾನು ಹೇಳುವುದಿಲ್ಲ, ‘ಇಂಗ್ಲಿಷ್ ಕಲಿಯುತ್ತಿರುವವರು’ ಅನ್ನುವ ಪಟ್ಟಿಯಿಂದ ಹೊರಬರಲು ವರ್ಷಗಳು ಹಿಡಿದ ಮಕ್ಕಳಿದ್ದಾರೆ. ಆದರೆ ಎಲ್ಲರೂ ಇಂಗ್ಲಿಷ್ ಅಂತ ಬರೆದರೆ ಡಿಸ್ಟ್ರಿಕ್ಟಿನ ಲೆಕ್ಕದಲ್ಲಿ ಕನ್ನಡದವರು ಇಲ್ಲವೇ ಇಲ್ಲ. ಆಮೇಲೆ ನಮ್ಮ ಭಾಷೆಯಲ್ಲಿ ಒಂದು ಚೀಟಿಯೂ ಬರುವುದಿಲ್ಲ ಅಂತ ದೂರುವುದು ಹೇಗೆ?

ಡಿಸ್ಟ್ರಿಕ್ಟಿನವರಿಗೂ ಒಂದು ಮಾತಿದೆ. ಇವತ್ತು ಅಂಥವರೂ ಕೆಲವರು ಬಂದಿದ್ದಾರೆ, ಅವರಿಗೆ ಯಾರಾದರೂ ಅನುವಾದ ಮಾಡಿ ಹೇಳಿ. ಎಲ್ಲವನ್ನೂ ಒಂದೇ ವಾರಪತ್ರದಲ್ಲಿ ತುರುಕಬೇಡಿ. ಬಸ್ ರೂಟ್ ನಿಲ್ಲಿಸುವ ಪ್ರಸ್ತಾಪವನ್ನು ಪುಸ್ತಕ ಮೇಳದ ಚಿತ್ರದ ಕೆಳಗೆ, ಕಳೆದುಹೋದ ಜಾಕೆಟ್‌ಗಳ ವಿಷಯದ ಪಕ್ಕ ಹಾಕಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ತೀರ್ಮಾನ ಬಾಕಿ ಇರುವ ವಿಷಯಕ್ಕೆ ಬೇರೆಯದೇ ಮೆಸೇಜ್ ಬೇಕು. ಏನು ಯೋಚನೆಯಲ್ಲಿದೆ, ಯಾವ ದಿನ ವೋಟು, ಯಾವ ದಿನದವರೆಗೆ ಬದಲಾಗಬಹುದು, ಯಾರಿಗೆ ಬರೆಯಬೇಕು. ನಾಲ್ಕು ಸಾಲು ಸಾಕು. ತಡವಾಗಿ ಬಂದ ಮಗುವಿನ ಬಗ್ಗೆ ಅದೇ ದಿನ ಮೆಸೇಜ್ ಕಳಿಸುವವರಿಗೆ ಇದು ಆಗದ ಕೆಲಸ ಅಂದರೆ ನಾನು ಒಪ್ಪುವುದಿಲ್ಲ.

ದೀಪಾವಳಿ ರಜೆಯ ಬಗ್ಗೆ ನಿಮ್ಮಿಂದ ಪ್ರಶ್ನೆಯ ಚೀಟಿ ಬಂದಿದೆ. ಬರದೇ ಇದ್ದರೆ ಆಶ್ಚರ್ಯವಾಗುತ್ತಿತ್ತು. 2025ರ ಅಕ್ಟೋಬರ್‌ನಲ್ಲಿ ಗವರ್ನರ್ ಸಹಿ ಹಾಕಿದ ಕಾನೂನಿನಿಂದ ದೀಪಾವಳಿ 2026ರಿಂದ ರಾಜ್ಯದ ರಜೆಗಳ ಪಟ್ಟಿಗೆ ಸೇರಿದೆ. ಎಲ್ಲ ಶಾಲೆಗೂ ರಜೆ ಬಂತು ಅಂತ ಅವತ್ತೇ ಗ್ರೂಪುಗಳಲ್ಲಿ ಲಾಡು ಹಂಚಿದರು. ಆ ಕಾನೂನು ಶಾಲೆಗಳಿಗೆ ರಜೆ ಕೊಡಲು ಅವಕಾಶ ಮಾಡಿಕೊಡುತ್ತದೆ, ಕೊಡಲೇಬೇಕು ಅನ್ನುವುದಿಲ್ಲ. ತೀರ್ಮಾನ ಮತ್ತೆ ನಿಮ್ಮ ಬೋರ್ಡಿನದೇ. ವರ್ಷಕ್ಕೆ 180 ದಿನ ಪಾಠ ನಡೆಯಬೇಕು, ಆದ್ದರಿಂದ ಒಂದು ದಿನ ರಜೆ ಕೊಟ್ಟರೆ ಬೇರೆಲ್ಲೋ ಒಂದು ದಿನ ಸೇರಿಸಬೇಕು. ಟೀಚರುಗಳ ಯೂನಿಯನ್ ಜೊತೆಗೂ ಮಾತುಕತೆ ಆಗಬೇಕು. ಎಷ್ಟೋ ಕಡೆ ಕ್ಯಾಲೆಂಡರನ್ನು ಒಂದೆರಡು ವರ್ಷ ಮುಂಚೆಯೇ ಗೊತ್ತುಮಾಡಿಬಿಡುತ್ತಾರೆ. ಹಬ್ಬಕ್ಕೆ ಎರಡು ವಾರ ಇರುವಾಗ ಸಹಿ ಸಂಗ್ರಹಿಸಿದರೆ ಏನೂ ಆಗುವುದಿಲ್ಲ. ಮತ್ತೆ, ನರಕ ಚತುರ್ದಶಿಯೋ, ಅಮಾವಾಸ್ಯೆಯೋ, ಬಲಿಪಾಡ್ಯಮಿಯೋ, ಯಾವ ದಿನ ಕೇಳುವುದು ಅಂತ ಮೊದಲು ನಾವು ನಾವೇ ಒಂದು ತೀರ್ಮಾನಕ್ಕೆ ಬರಬೇಕು. ಅದಕ್ಕೆ ಬ್ರೌನ್ ಆ್ಯಕ್ಟ್ ಬೇಕಾಗಿಲ್ಲ, ಆದರೂ 72 ಗಂಟೆ ಸಾಲುವುದಿಲ್ಲ.

ಕೊನೆಯ ಚೀಟಿ. ‘ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ, ಇದನ್ನೆಲ್ಲ ನೋಡೋಕೆ ಟೈಮ್ ಎಲ್ಲಿದೆ?’ ಒಬ್ಬರೇ ನೋಡಬೇಕಾಗಿಲ್ಲ. ಒಂದು ಡಿಸ್ಟ್ರಿಕ್ಟಿಗೆ ಐದಾರು ಮನೆಯವರು ಸೇರಿಕೊಳ್ಳಿ, ಸಭೆಗೊಬ್ಬರಂತೆ ಸರದಿ ಹಾಕಿಕೊಳ್ಳಿ. ಬೋರ್ಡ್ ಮೀಟಿಂಗ್ ಬಹಳ ಕಡೆ ತಿಂಗಳಿಗೆ ಒಂದೋ ಎರಡೋ, ಅಂದರೆ ನಿಮ್ಮ ಸರದಿ ಬರುವುದು ಎರಡೂವರೆಯಿಂದ ಆರು ತಿಂಗಳಿಗೊಮ್ಮೆ. ಶನಿವಾರ ಬೆಳಿಗ್ಗೆ ಕಾಫಿ ಕುಡಿಯುತ್ತಾ ಅಜೆಂಡಾದ ಮೊದಲ ಕೆಲವು ಪುಟ ನೋಡಿದರೆ ಆಯಿತು. ಗ್ರೂಪಿಗೆ ಹಾಕುವಾಗ ‘ಹಾಗಂತೆ, ಹೀಗಂತೆ’ ಅಂತ ಬರೆಯಬೇಡಿ. ಡಿಸ್ಟ್ರಿಕ್ಟಿನ ಪೂರ್ತಿ ಹೆಸರು, ಸಭೆಯ ದಿನ, ವಿಷಯದ ನಂಬರ್, ಅದು ಮಾಹಿತಿಗೋ ಆ್ಯಕ್ಷನ್‌ಗೋ, ಇಷ್ಟು ಬರೆದು ಮೂಲ ಕಾಗದದ ಲಿಂಕ್ ಹಾಕಿ. ಸರದಿ ಪಟ್ಟಿಗೆ ಹೆಸರು ಕೊಡುವವರು ಹೊರಗೆ ಕಾಫಿ ಟೇಬಲ್ ಹತ್ತಿರ ಇರುವ ಹಾಳೆಯಲ್ಲಿ ಬರೆಯಿರಿ. ಫ್ರೀಮಾಂಟ್ ಅಂತ ಬರೆಯುವವರು ಯಾವ ಫ್ರೀಮಾಂಟ್ ಅಂತಲೂ ಬರೆಯಿರಿ.